ಬಂಕಿನ ಛಾವಣಿ ಮೇಲಿನ ವಿಮಾನ, ಅದರ ಏಳು ಒಡಹುಟ್ಟುಗಳು

ಜೋಹಾನ್ಸ್‌ಬರ್ಗ್‌ಗೆ ಬಂದ ಹೊಸತು. ಕೆಲಸ ದಕ್ಷಿಣದ ವಾಂಡರ್‌ಬೈಲ್‌ಪಾರ್ಕ್‌ನ ಒಂದು ಕಾರ್ಖಾನೆಯಲ್ಲಿ, ಪಂಪು-ವಾಲ್ವು ರಿಪೇರಿ ವಿಭಾಗ. ಸಂಜೆ ಗೋಲ್ಡನ್ ಹೈವೇ ಹಿಡಿದು ವಾಪಸ್ ಬರುತ್ತಿದ್ದೆ. ಒಂದು ದಿನ ಕಾರಿನ ಪೆಟ್ರೋಲ್ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು. ಸೊವೆಟೊ ಪಕ್ಕ ಒಂದು ಬಂಕ್ ಕಂಡಿತು, ಒಳಗೆ ತಿರುಗಿಸಿದೆ. ಕಾರು ನಿಲ್ಲಿಸಿ ತಲೆ ಎತ್ತಿದರೆ ಛಾವಣಿ ಮೇಲೆ ಒಂದು ಇಡೀ ವಿಮಾನ ಕೂತಿದೆ. ಜಾಹೀರಾತಿನ ಬೊಂಬೆ ಅಲ್ಲ. ರೆಕ್ಕೆ, ಬಾಲ, ಎಂಜಿನ್ ಎಲ್ಲ ಇರುವ ನಿಜವಾದ ದೊಡ್ಡ ವಿಮಾನ.

ಈ ದೇಶದಲ್ಲಿ ಬಂಕಿನಲ್ಲಿ ನಾವೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲ. ಹಾಕುವ ಹುಡುಗ ಬಂದ. ಮೇಲೆ ಕೈ ತೋರಿಸಿ ಕೇಳಿದೆ. "ಅದಾ? ವೈಕಿಂಗ್, ಸರ್" ಅಂದ. ಬಂಕಿನ ಹೆಸರೂ ವಿಕ್ಸ್ ವೈಕಿಂಗ್ ಗ್ಯಾರೇಜ್. ಇನ್ನೇನು ಅನುಮಾನ? ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದುಕೊಂಡು ಮನೆಗೆ ಬಂದೆ.

ಆಮೇಲೆ ಮೂರು ಶನಿವಾರ-ಭಾನುವಾರ ವಿಕರ್ಸ್ ವೈಕಿಂಗ್ ಬಗ್ಗೆ ಓದಿದೆ. ಎರಡನೇ ಮಹಾಯುದ್ಧ ಮುಗಿದ ಕೂಡಲೇ ಬ್ರಿಟನ್‌ನಲ್ಲಿ ಬಂದ ಪ್ರಯಾಣಿಕರ ವಿಮಾನ ಅದು. ಎಷ್ಟು ಮಾಡಿದರು, ಯಾವ ಕಂಪನಿಗಳು ಕೊಂಡವು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ನಾಲ್ಕನೇ ವಾರ ಹೆಂಡತಿಗೆ ತೋರಿಸೋಣ ಅಂತ ಫೋಟೊ ತೆಗೆದೆ. ಅವಳು ಸುಮ್ನೆ ಒಂದು ಪ್ರಶ್ನೆ ಕೇಳಿದಳು. "ನೀವು ಬರೆದಿರೋದು ಎರಡು ಎಂಜಿನ್ ಅಂತ. ಇಲ್ಲಿ ನಾಲ್ಕಿವೆಯಲ್ಲ?"

ಇಪ್ಪತ್ತು ವರ್ಷ ಯಂತ್ರಗಳ ಜೊತೆ ಬದುಕಿದವನು ನಾನು. ಎಂಜಿನ್ ಎಣಿಸಲಿಲ್ಲ.

ಆಗಿದ್ದು ಇಷ್ಟು. ಆ ಛಾವಣಿ ಮೇಲೆ ಮೊದಲು ನಿಜವಾಗಿಯೂ ಒಂದು ವೈಕಿಂಗ್ ಇತ್ತು. ಗ್ಯಾರೇಜಿಗೆ ಹೆಸರು ಬಂದಿದ್ದು ಅದರಿಂದಲೇ. ಮುಂದೆ ಅದನ್ನು ಇಳಿಸಿ ಸೌತ್ ಆಫ್ರಿಕನ್ ಏರ್‌ವೇಸ್‌ನ ಮ್ಯೂಸಿಯಂನವರಿಗೆ ಕೊಟ್ಟರು. ಅದರ ಜಾಗಕ್ಕೆ ಬೇರೆ ವಿಮಾನ ಬಂತು. ಬಾಡಿಗೆದಾರ ಬದಲಾದ, ಮನೆ ಮುಂದಿನ ಬೋರ್ಡು ಹಾಗೇ ಉಳಿಯಿತು. ಹೊಸ ಬಾಡಿಗೆದಾರನ ನಿಜವಾದ ಹೆಸರು ಏವ್ರೋ ಶಾಕಲ್‌ಟನ್. ದಕ್ಷಿಣ ಆಫ್ರಿಕಾ ವಾಯುಪಡೆಯದು, ನಂಬರ್ 1723. ಒಂದು ಕಾಲಕ್ಕೆ ಅದಕ್ಕೆ ಕೋಕಾ-ಕೋಲಾದ ಕೆಂಪು ಬಿಳಿ ಬಣ್ಣ ಬಳಿದಿದ್ದರಂತೆ. ಜಲಾಂತರ್ಗಾಮಿ ಹುಡುಕಲು ಹುಟ್ಟಿದ ಯುದ್ಧವಿಮಾನ ಸೋಡಾ ಮಾರಿತು!

1723 ಅನ್ನೋ ನಂಬರ್ ನೋಡಿದ ಮೇಲೆ ನನಗೆ ಹುಚ್ಚು ಹಿಡಿಯಿತು. 1722 ಎಲ್ಲಿ? 1721? ಈ ವಾಯುಪಡೆ ಕೊಂಡಿದ್ದು ಒಟ್ಟು ಎಂಟು ಶಾಕಲ್‌ಟನ್. 1716ರಿಂದ 1723ರವರೆಗೆ ಸಾಲಾಗಿ ನಂಬರ್. ಬ್ರಿಟನ್ ಬಿಟ್ಟರೆ ಜಗತ್ತಿನಲ್ಲಿ ಈ ವಿಮಾನ ಕೊಂಡ ದೇಶ ಇದೊಂದೇ. ನೂರಾರು ಇದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಎಂಟೇ ಎಂಟು ತಾನೇ, ಹುಡುಕಿಬಿಡೋಣ ಅನ್ನಿಸಿತು. ವೈಕಿಂಗ್ ಪುಟಗಳನ್ನು ಹರಿದು, ಅದೇ ನೋಟ್‌ಬುಕ್ಕಿನಲ್ಲಿ ಎಂಟು ಸಾಲು ಎಳೆದೆ.

ಹುಟ್ಟಿದ ಊರು ಸಿಗುವುದು ಕಷ್ಟವಾಗಲಿಲ್ಲ. ಎಂಟೂ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ವುಡ್‌ಫೋರ್ಡ್‌ನಲ್ಲಿದ್ದ ಏವ್ರೋ ಕಾರ್ಖಾನೆಯ ಮಕ್ಕಳು. ಯುದ್ಧಕಾಲದ ಲ್ಯಾಂಕಾಸ್ಟರ್ ಬಾಂಬರ್ ಇವುಗಳ ಅಜ್ಜ, ಲಿಂಕನ್ ಬಾಂಬರ್ ಅಪ್ಪ. ಲ್ಯಾಂಕಾಸ್ಟರ್ ರೂಪಿಸಿದ ರಾಯ್ ಚಾಡ್ವಿಕ್ ಶಾಕಲ್‌ಟನ್ ಕೆಲಸವನ್ನೂ ಶುರು ಮಾಡಿದ್ದರು. 1947ರಲ್ಲಿ ಅದೇ ವುಡ್‌ಫೋರ್ಡ್‌ನಲ್ಲಿ ಇನ್ನೊಂದು ಹೊಸ ವಿಮಾನದ ಪರೀಕ್ಷೆಗೆ ಹತ್ತಿ, ಅದು ಬಿದ್ದು ತೀರಿಕೊಂಡರು. ಶಾಕಲ್‌ಟನ್ ಮೊದಲು ಹಾರಿದ್ದು 1949ರ ಮಾರ್ಚ್‌ನಲ್ಲಿ. ಅವರು ನೋಡಲಿಲ್ಲ.

ಎಂಜಿನ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ನಾಲ್ಕು ರೋಲ್ಸ್-ರಾಯ್ಸ್ ಗ್ರಿಫನ್. ಒಂದೊಂದರಲ್ಲೂ ಹನ್ನೆರಡು ಸಿಲಿಂಡರ್. ಒಂದೊಂದು ಎಂಜಿನ್ನಿನ ಮೂತಿಗೆ ಒಂದಲ್ಲ, ಎರಡು ಪ್ರೊಪೆಲ್ಲರ್, ಒಂದರ ಹಿಂದೆ ಒಂದು. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಅದಕ್ಕೆ ವಿರುದ್ಧ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ. ಆದರೆ ಇಲ್ಲಿ ಬಂಡಿ ನೆಟ್ಟಗೆ ಮುಂದಕ್ಕೇ ಹೋಗುತ್ತದೆ. ಅಷ್ಟು ದೊಡ್ಡ ಎಂಜಿನ್ನಿನ ಶಕ್ತಿಯನ್ನು ಒಂದೇ ಪ್ರೊಪೆಲ್ಲರಿಗೆ ಕೊಡಬೇಕಾದರೆ ಅದು ತುಂಬ ಉದ್ದ ಬೇಕು. ಎರಡಾಗಿ ಹಂಚಿದರೆ ಗಿಡ್ಡವೇ ಸಾಕು. ಜೊತೆಗೆ ವಿಮಾನವನ್ನು ಒಂದು ಪಕ್ಕಕ್ಕೆ ಎಳೆಯುವ ಚಾಳಿಯೂ ಇರುವುದಿಲ್ಲ. ಹಿಂದು-ಮುಂದಿನ ಎರಡಕ್ಕೂ ಅಲಗಿನ ಕೋನ ಒಟ್ಟಿಗೇ ಬದಲಾಗಬೇಕು. ಅದಕ್ಕೆ ಎರಡರ ನಡುವೆ ಒಂದು ದೊಡ್ಡ ಬೇರಿಂಗ್ ಇದೆ. ಈ ಬೇರಿಂಗನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದಕ್ಷಿಣ ಆಫ್ರಿಕಾಕ್ಕೆ ಇಂಥ ವಿಮಾನ ಯಾಕೆ ಬೇಕಿತ್ತು? ಭೂಪಟ ನೋಡಿದರೆ ಗೊತ್ತಾಗುತ್ತದೆ. ಖಂಡದ ದಕ್ಷಿಣ ತುದಿಯ ಕೇಪ್ ಸುತ್ತಿ ಹೋಗುವ ಹಡಗುಗಳ ದಾರಿ. 1955ರಲ್ಲಿ ಬ್ರಿಟನ್ ಜೊತೆ ಸೈಮನ್ಸ್‌ಟೌನ್ ಒಪ್ಪಂದ ಆಯಿತು. ಅಲ್ಲಿನ ಬ್ರಿಟಿಷ್ ನೌಕಾನೆಲೆ ದಕ್ಷಿಣ ಆಫ್ರಿಕಾದ ಕೈಗೆ ಬಂತು, ಸಮುದ್ರ ಕಾಯುವ ಹೊಣೆಯೂ ಬಂತು. ಅಲ್ಲಿಯವರೆಗೆ ವಾಯುಪಡೆಯ 35ನೇ ಸ್ಕ್ವಾಡ್ರನ್ ನೀರಿನ ಮೇಲೆ ಇಳಿಯುವ ಸಂಡರ್‌ಲ್ಯಾಂಡ್ ವಿಮಾನಗಳನ್ನು ಹಾರಿಸುತ್ತಿತ್ತು. 1957ರ ಆಗಸ್ಟ್‌ನಲ್ಲಿ ಮೊದಲ ಎರಡು ಶಾಕಲ್‌ಟನ್ ಕೇಪ್ ಟೌನ್‌ಗೆ ಬಂದವು. 1958ರ ಶುರುವಿಗೆ ಎಂಟೂ ಬಂದಾಯಿತು.

ನನ್ನ ಪಟ್ಟಿಯಲ್ಲಿ ಮೂರು ಸಾಲು ಒಂದೇ ವಾರದಲ್ಲಿ ತುಂಬಿದವು. 1721 ಪ್ರಿಟೋರಿಯಾದ ಸ್ವಾರ್ಟ್‌ಕಾಪ್‌ನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿದೆ. ಮನೆಯಿಂದ ಒಂದು ಗಂಟೆ ದಾರಿ, ಹೋಗಿ ಮುಟ್ಟಿ ಬಂದೆ. 1720 ಮತ್ತು 1722 ಕೇಪ್ ಟೌನ್‌ನ ಐಸ್ಟರ್‌ಪ್ಲಾಟ್ ವಾಯುಪಡೆ ನೆಲೆಯಲ್ಲಿದ್ದವು. 1717 ಮತ್ತು 1719 ವಾಯುಪಡೆಯಿಂದ ಹೊರಬಿದ್ದು ಖಾಸಗಿಯವರ ಕಡೆ ಹೋದವು. 1717 ನಟಾಲ್ ಕಡೆಗೆ ಹೋಗಿ ಪ್ಯಾರಾಚೂಟ್ ಕ್ಲಬ್ ಒಂದರ ಅಂಗಳ ಸೇರಿತು. ಧುಮುಕುವವರ ಮನೆಗೆ ಹಾರಲಾಗದ ವಿಮಾನ!

ಆಫೀಸ್ ಕೆಲಸಕ್ಕೆ ಕೇಪ್ ಟೌನ್‌ಗೆ ಹೋಗುವ ಅವಕಾಶ ಸಿಕ್ಕಿತು. ಶನಿವಾರ ಬೆಳಿಗ್ಗೆ ಐಸ್ಟರ್‌ಪ್ಲಾಟ್‌ಗೆ ಓಡಿದೆ. ಗೇಟಿನ ಹತ್ತಿರ 1720 ಗಾಳಿ ಮಳೆಗೆ ಮೈಯೊಡ್ಡಿ ನಿಂತಿತ್ತು. ಒಳಗೆ 1722. ಇದು ಪುಣ್ಯವಂತ ವಿಮಾನ. ನಿವೃತ್ತಿಯಾದ ಮೇಲೂ ಮ್ಯೂಸಿಯಂನವರು ಇದನ್ನು 2008ರವರೆಗೆ ಹಾರಿಸಿದರು. ಹಾರಿಸಬಲ್ಲವರು, ರಿಪೇರಿ ಬಲ್ಲವರು ಕಡಿಮೆಯಾದ ಮೇಲೆ ನಿಲ್ಲಿಸಿದರು. ಆಮೇಲೂ ಆಗಾಗ ಎಂಜಿನ್ ಚಾಲೂ ಮಾಡಿ ಜೀವ ಹಿಡಿದಿಟ್ಟುಕೊಂಡರು.

ನಾನು ಹೋದ ದಿನ ಎಂಜಿನ್ ಚಾಲೂ ಮಾಡುವ ದಿನ ಅಲ್ಲ. ಅಲ್ಲಿ ಸಹಾಯಕ್ಕೆ ಬರುವ ಒಬ್ಬ ಹಿರಿಯರು ಸಿಕ್ಕಿದರು. ಹಿಂದೆ ಈ ವಿಮಾನಗಳ ಮೇಲೆಯೇ ಕೆಲಸ ಮಾಡಿದ ಮೆಕ್ಯಾನಿಕ್. ನಾನು ಕೇಳಿದ್ದನ್ನೆಲ್ಲ ಮೂರು ಸಲ ಕೇಳಿಸಿಕೊಂಡರು. ಕೊನೆಗೆ ತಮ್ಮ ಕಿವಿ ತೋರಿಸಿ, "ಇದು ಗ್ರಿಫನ್ ತಿಂದ ಕಿವಿ" ಅಂದರು. ಈ ವಿಮಾನದಲ್ಲಿ ದುಡಿದವರಿಗೆ ಕಿವುಡು ಬರುವುದು ಎಷ್ಟು ಮಾಮೂಲಿ ಅಂದರೆ ಅದು ದೊಡ್ಡ ಜೋಕೇ ಆಗಿತ್ತಂತೆ. ಇನ್ನೊಂದು ಜೋಕ್ ಬ್ರಿಟನ್‌ನಿಂದಲೇ ಬಂದಿದ್ದು. ಶಾಕಲ್‌ಟನ್ ಅಂದರೆ ವಿಮಾನ ಅಲ್ಲ, ಹತ್ತು ಸಾವಿರ ರಿವೆಟ್‌ಗಳು ಒಟ್ಟೊಟ್ಟಿಗೆ ಹಾರುತ್ತಿರುವುದು ಅಷ್ಟೇ.

ಒಳಗೆ ಹತ್ತಲು ಬಿಟ್ಟರು. ಎಣ್ಣೆ, ಹಳೇ ರಬ್ಬರ್, ಕಾದ ತಗಡು, ಮೂರೂ ಸೇರಿದ ವಾಸನೆ. ನನಗೆ ತುಂಬಾ ಹಿತ. ನಡುವೆ ಹೋಗುತ್ತಿದ್ದ ಹಾಗೆ ಒಂದು ದೊಡ್ಡ ಅಡ್ಡಗೋಡೆ. ರೆಕ್ಕೆಯ ಮುಖ್ಯ ತೊಲೆ, ಇವರು ಸ್ಪಾರ್ ಅನ್ನುತ್ತಾರೆ. ವಿಮಾನದ ಹೊಟ್ಟೆಯನ್ನೇ ಅಡ್ಡ ಹಾಯ್ದು ಹೋಗುತ್ತದೆ. ಹಿಂದಿನಿಂದ ಮುಂದಕ್ಕೆ ಹೋಗಬೇಕಾದರೆ ಅದನ್ನು ಹತ್ತಿ ಇಳಿಯಲೇಬೇಕು. ನನ್ನ ಪ್ಯಾಂಟಿನ ಮೊಣಕಾಲು ಅಲ್ಲೇ ಹರಿಯಿತು. ಹಿರಿಯರು ನಕ್ಕರು. "ಹನ್ನೆರಡು-ಹದಿಮೂರು ಜನ, ಹದಿನಾಲ್ಕು ಗಂಟೆ ಹಾರಾಟ. ಕಾಫಿ ತರಲು ಹೋದವನು ಈ ತೊಲೆ ದಾಟುವಾಗ ಅರ್ಧ ಕಪ್ ಚೆಲ್ಲುತ್ತಿದ್ದ."

ಆ ತೊಲೆಯೇ ಕೊನೆಗೆ ಇವುಗಳ ಆಯುಸ್ಸು ನಿರ್ಧರಿಸಿತು. ಸಮುದ್ರದ ಮೇಲೆ ಕೆಳಗೆ ಹಾರಿದರೆ ಗಾಳಿಯ ಕುಲುಕಾಟ ಜಾಸ್ತಿ, ಉಪ್ಪು ಬೇರೆ. ಲೋಹ ದಣಿಯುತ್ತದೆ. ಹೊಸ ತೊಲೆ ಹಾಕಬೇಕು. ಆದರೆ ವರ್ಣಭೇದ ನೀತಿಯ ಸರ್ಕಾರಕ್ಕೆ ಆಯುಧ ಮಾರುವುದಿಲ್ಲ ಅಂತ ಬ್ರಿಟನ್ 1964ರಲ್ಲೇ ಹೇಳಿತ್ತು. 1977ರಲ್ಲಿ ವಿಶ್ವಸಂಸ್ಥೆಯ ನಿಷೇಧ ಕಡ್ಡಾಯವಾಯಿತು. ಇಲ್ಲಿನವರು 1716 ಮತ್ತು 1717ಕ್ಕೆ ತಾವೇ ತೊಲೆ ಬದಲಿಸಿದರು. ಯಂತ್ರ ಬಲ್ಲವನಾಗಿ ಹೇಳುತ್ತೇನೆ, ಅದು ಹುಡುಗಾಟದ ಕೆಲಸ ಅಲ್ಲ. ವಿಮಾನದ ಬೆನ್ನುಮೂಳೆ ಬಿಚ್ಚಿ ಹೊಸದು ಕೂರಿಸಿದ ಹಾಗೆ. ಎಂಟಕ್ಕೂ ಅದನ್ನು ಮಾಡಲಾಗಲಿಲ್ಲ. ಒಂದೊಂದಾಗಿ ಹಾರಾಟದ ಗಂಟೆ ಮುಗಿಯುತ್ತಾ ಬಂತು. 1984ರ ನವೆಂಬರ್‌ನಲ್ಲಿ ಎಲ್ಲಕ್ಕೂ ವಿದಾಯ.

ನಿಷೇಧ ಸರಿಯಾಗಿಯೇ ಇತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬಂಕಿನ ಹುಡುಗನ ಅಪ್ಪನ ಕಾಲದಲ್ಲಿ ಅವರ ಬಣ್ಣದವರು ಈ ವಿಮಾನ ಹಾರಿಸುವ ಕನಸೂ ಕಾಣುವ ಹಾಗಿರಲಿಲ್ಲ. ನನ್ನ ಬಣ್ಣದವರೂ ಅಷ್ಟೇ. ಆದರೂ ಆ ತೊಲೆ ಬದಲಿಸಿದ ಕೆಲಸಗಾರರ ಕೈ ನೋಡಬೇಕು ಅನ್ನಿಸುತ್ತದೆ. ಎರಡೂ ಒಟ್ಟಿಗೇ ಅನ್ನಿಸುತ್ತದೆ, ಏನು ಮಾಡಲಿ?

ಇವು ಜೀವಮಾನದಲ್ಲಿ ಮಾಡಿದ ಕೆಲಸದಲ್ಲಿ ನನಗೆ ಇಷ್ಟವಾದ ಕಥೆ ವಾಫ್ರಾ ಅನ್ನೋ ತೈಲದ ಹಡಗಿನದು. 1971ರ ಫೆಬ್ರವರಿ ಕೊನೆಯಲ್ಲಿ ಕೇಪ್ ಅಗಲ್ಹಾಸ್ ಹತ್ತಿರ, ಆಫ್ರಿಕಾದ ತೀರಾ ದಕ್ಷಿಣದ ತುದಿಯಲ್ಲಿ, ಅದು ಬಂಡೆಗೆ ಹತ್ತಿ ಕೂತಿತು. 60 ಸಾವಿರ ಟನ್‌ಗೂ ಹೆಚ್ಚು ಕಚ್ಚಾತೈಲ. ಹೇಗೋ ಎಳೆದು ನಡುಸಮುದ್ರಕ್ಕೆ ಒಯ್ದರು. ಮುಳುಗಿಸಿಬಿಡೋಣ ಅಂತ ವಾಯುಪಡೆಯ ಹೊಸ ಬಕನೀರ್ ಜೆಟ್‌ಗಳು ಬಂದು ಕ್ಷಿಪಣಿ ಬಿಟ್ಟವು. ಹಡಗಿಗೆ ಬೆಂಕಿ ಹತ್ತಿತು, ಆದರೆ ಮುಳುಗಲಿಲ್ಲ. ಸುಮ್ನೆ ಉರಿಯುತ್ತಾ ತೇಲಿತು. ಕೊನೆಗೆ ಮುದಿ ಶಾಕಲ್‌ಟನ್ ಗುಡುಗುತ್ತಾ ಬಂದು, ಜಲಾಂತರ್ಗಾಮಿಗೆಂದು ಇಟ್ಟಿದ್ದ, ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜ್‌ಗಳನ್ನು ಹಾಕಿ ಮುಳುಗಿಸಿತು. ಹಿರಿಯರು ಇದನ್ನು ಹೇಳುವಾಗ ಬಾಯಲ್ಲೇ ಗ್ರಿಫನ್ ಸದ್ದು ಮಾಡಿದರು. ಎಂಜಿನ್ ಚಾಲೂ ಆಗದ ದಿನ ಹೋಗಿದ್ದರ ಬೇಜಾರು ಅರ್ಧ ಕಳೆಯಿತು.

ಹೊರಡುವಾಗ 1718ರ ಬಗ್ಗೆ ಕೇಳಿದೆ. ಈ ಸಲ ಮೊದಲ ಸಲಕ್ಕೇ ಕೇಳಿಸಿತು ಅವರಿಗೆ. "ಎನ್-1 ರಸ್ತೆ ಹಿಡಿದು ಸುರಂಗ ದಾಟಿ. ರಾಸನ್‌ವಿಲ್ ಹತ್ತಿರ ಬಲಕ್ಕೆ ಬೆಟ್ಟ ನೋಡಿ" ಅಂದು ಸುಮ್ಮನಾದರು.

ಮರುದಿನ ಬಾಡಿಗೆ ಕಾರಿನಲ್ಲಿ ಹೋದೆ. ಹ್ಯೂಗನಾಟ್ ಸುರಂಗ ಸುಮಾರು ನಾಲ್ಕು ಕಿಲೋಮೀಟರ್. ದಾಟಿದರೆ ದ್ರಾಕ್ಷಿ ತೋಟಗಳು, ಅವುಗಳ ಹಿಂದೆ ಗೋಡೆಯ ಹಾಗೆ ಬೆಟ್ಟ. ಆ ಬೆಟ್ಟಗಳ ನಡುವಿನ ಕಣಿವೆ ಸ್ಟೆಟೈನ್ಸ್‌ಕ್ಲೂಫ್. 1963ರ ಆಗಸ್ಟ್ 8ರಂದು ಕೆಟ್ಟ ಹವೆಯಲ್ಲಿ ಕೇಪ್ ಟೌನ್ ಬಿಟ್ಟ 1718 ಅಲ್ಲಿ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 13 ಜನರೂ ಸತ್ತರು. ವಾಯುಪಡೆ ಸೇವೆಯಲ್ಲಿದ್ದಾಗ ಕಳೆದುಕೊಂಡ ಒಂದೇ ಒಂದು ಶಾಕಲ್‌ಟನ್ ಇದು. ನಾನು ಬೆಟ್ಟ ಹತ್ತಲಿಲ್ಲ. ನನ್ನ ಚಪ್ಪಲಿಗೆ, ನನ್ನ ಹೊಟ್ಟೆಗೆ ಆಗುವ ಹಾದಿ ಅಲ್ಲ ಅದು. ರಸ್ತೆ ಪಕ್ಕ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. ಮೇಲೆ ಮೋಡ ಕವಿದಿತ್ತು, ತುದಿ ಕಾಣಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ತಾರೀಖು ಮಾತ್ರ ಬರೆದೆ.

ಉಳಿದಿದ್ದು 1716. ನಂಬರಿನಲ್ಲಿ ಎಲ್ಲಕ್ಕಿಂತ ಮೊದಲನೆಯದು, ಎಲ್ಲಕ್ಕಿಂತ ದೂರ ಹೋಗಿ ಮಲಗಿದ್ದು.

ನಿವೃತ್ತಿಯಾಗಿ ಹತ್ತು ವರ್ಷದ ಮೇಲೆ ಮ್ಯೂಸಿಯಂನವರು ಇದನ್ನು ಮತ್ತೆ ಹಾರುವ ಸ್ಥಿತಿಗೆ ತಂದರು. 1994. ಮೇ 10ಕ್ಕೆ ಮಂಡೇಲಾ ಅಧ್ಯಕ್ಷರಾದರು. ಜಗತ್ತು ಮುಚ್ಚಿಟ್ಟಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಆ ಬೇಸಿಗೆ ಬ್ರಿಟನ್‌ನ ವಿಮಾನ ಪ್ರದರ್ಶನಗಳಿಗೆ ಶಾಕಲ್‌ಟನ್ ಕಳಿಸುವುದು ಅಂತಾಯಿತು. ಬ್ರಿಟನ್‌ನವರು ತಮ್ಮ ಕೊನೆಯವನ್ನು 1991ರಲ್ಲೇ ಸೇವೆಯಿಂದ ಇಳಿಸಿದ್ದರು. 37 ವರ್ಷದ ಹಿಂದೆ ಹೊರಟ ಮಗಳು ತವರಿಗೆ ಹೋಗುವ ಹಾಗೆ. ರೇಡಿಯೊದಲ್ಲಿ ಅದರ ಹೆಸರು ಪೆಲಿಕನ್ 16. ಒಳಗೆ 19 ಜನ.

ಜುಲೈ 13ರ ನಸುಕಿಗೆ ಮುಂಚೆ, ಸಹಾರಾ ಮರುಭೂಮಿ ಮೇಲೆ, ನಾಲ್ಕನೇ ಎಂಜಿನ್ನಿನ ತಂಪುನೀರು ಸೋರಿ ಅದು ಕಾಯಿತು. ನಿಲ್ಲಿಸಿದರು. ಮೂರು ಎಂಜಿನ್ ಇವೆ, ಹೆದರಿಕೆ ಏನಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮೂರನೆಯದರಲ್ಲಿ ತೊಂದರೆ. ನಾನು ನೆನಪಿಟ್ಟುಕೊಳ್ಳಿ ಅಂದೆನಲ್ಲ, ಎರಡು ಪ್ರೊಪೆಲ್ಲರ್ ನಡುವಿನ ಬೇರಿಂಗ್? ಅದೇ ಹೋಯಿತು. ಆ ಎಂಜಿನ್ನೂ ನಿಂತಿತು. ಎರಡೂ ಬಲರೆಕ್ಕೆಯವು. ಎಡಗಡೆ ಎಳೆಯುತ್ತಿದೆ, ಬಲಗಡೆ ಸತ್ತಿದೆ. ಎತ್ತರ ಉಳಿಸಿಕೊಳ್ಳಲು ಆಗಲಿಲ್ಲ. ಹತ್ತಿರ ಇಳಿಯಲು ನೆಲೆ ಇಲ್ಲ. ಕತ್ತಲಲ್ಲಿ, ಕೆಳಗೆ ಏನಿದೆ ಅಂತ ಕಾಣದೆ, ಹೊಟ್ಟೆ ಮೇಲೆ ಮರಳಿಗೆ ಇಳಿಸಿದರು.

19 ಜನರೂ ಬದುಕಿದರು. ನಾನು ಇದನ್ನು ಮೊದಲು ಓದಿದ್ದು ರಾತ್ರಿ ಒಂದು ಗಂಟೆಗೆ. ಜೋರಾಗಿಯೇ "ಅಯ್ಯೋ ದೇವ್ರೇ" ಅಂದುಬಿಟ್ಟೆ. ಫ್ರೆಂಚರ ಗಸ್ತು ವಿಮಾನ ಒಂದು ಅವರನ್ನು ಹುಡುಕಿತು. ಪಶ್ಚಿಮ ಸಹಾರಾದ ಪೋಲಿಸಾರಿಯೋ ಹೋರಾಟಗಾರರು ನೆರವಿಗೆ ಬಂದರು. ಗಸ್ತು ತಿರುಗಿ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ಕೆಲಸಕ್ಕೆ ಹುಟ್ಟಿದ ವಿಮಾನವನ್ನು ಅದೇ ಕೆಲಸದ ಇನ್ನೊಂದು ವಿಮಾನ ಮರಳಿನಲ್ಲಿ ಹುಡುಕಿತು.

ಜನ ಮನೆ ಸೇರಿದರು, ವಿಮಾನ ಅಲ್ಲೇ ಉಳಿಯಿತು. ಅಲ್ಲಿಂದ ಎತ್ತಿ ತರುವುದು ಯಾರಿಂದ ಸಾಧ್ಯ? ಉಪಗ್ರಹದ ಚಿತ್ರ ತೆರೆದು ಮರಳಿನಲ್ಲಿ ಹುಡುಕಲು ಕೂತೆ. ಕಂದು ಬಯಲು, ಕಂದು ಬಯಲು, ಮತ್ತೆ ಕಂದು ಬಯಲು. ಕೊನೆಗೆ ಒಂದು ಪುಟ್ಟ ಅಡ್ಡ ಗುರುತು ಸಿಕ್ಕಿತು. ಜೂಮ್ ಮಾಡಿದರೆ ರೆಕ್ಕೆ, ಮೈ. ಹೆಂಡತಿಯನ್ನು ಎಬ್ಬಿಸಿದೆ. ಎದ್ದು ಕೂತು, ಕಣ್ಣುಜ್ಜಿಕೊಂಡು, ಪರದೆ ಹತ್ತಿರ ಬಂದಳು. "ಎಂಜಿನ್ ಎಣಿಸಿದಿರಾ?" ಅಂದಳು.

ಎಂಟು ಸಾಲೂ ತುಂಬಿದವು. ಇವು ಹೋದ ಮೇಲೆ 35ನೇ ಸ್ಕ್ವಾಡ್ರನ್‌ಗೆ ಯಾವ ವಿಮಾನ ಬಂತು ಅಂತ ಸುಮ್ನೆ ಕುತೂಹಲಕ್ಕೆ ನೋಡಿದೆ. ಡಕೋಟಾ. ಶಾಕಲ್‌ಟನ್‌ಗಿಂತ ಹಳೆಯ, ಮಹಾಯುದ್ಧ ಕಾಲದ ಡಕೋಟಾ! ಮುದುಕ ರಿಟೈರ್ ಆದ ಅಂತ ಅವನ ಚಿಕ್ಕಪ್ಪನನ್ನು ಕೆಲಸಕ್ಕೆ ಕರೆದ ಹಾಗೆ. ಆ ಡಕೋಟಾಗಳ ನಂಬರ್‌ಗಳನ್ನು ನಾನು ನೋಡಲು ಹೋಗಿಲ್ಲ. ನೋಡಿದರೆ ಹೊಸ ನೋಟ್‌ಬುಕ್ ಬೇಕಾಗುತ್ತದೆ.

ಪಟ್ಟಿ ಮುಗಿದ ವಾರ ಮತ್ತೆ ಅದೇ ಬಂಕಿಗೆ ಹೋದೆ. ಅದೇ ಹುಡುಗ ಇದ್ದ. ಗಾಜು ಒರೆಸುತ್ತಿದ್ದವನಿಗೆ ಎಲ್ಲ ಹೇಳಿದೆ. ಇದು ವೈಕಿಂಗ್ ಅಲ್ಲಪ್ಪ, ಶಾಕಲ್‌ಟನ್. ಇದಕ್ಕೆ ಏಳು ಒಡಹುಟ್ಟಿದವು. ಒಂದು ಬೆಟ್ಟದಲ್ಲಿದೆ, ಒಂದು ಮರುಭೂಮಿಯಲ್ಲಿದೆ. ಅವನು ಬಟ್ಟೆ ಕೈಯಲ್ಲೇ ಹಿಡಿದು ಮೇಲೆ ನೋಡಿದ. ಪೂರ್ತಿ ಕೇಳಿಸಿಕೊಂಡ. "ಗೊತ್ತು ಸರ್, ಶಾಕಲ್‌ಟನ್. ಆದರೆ ಟ್ಯಾಕ್ಸಿಯವರಿಗೆ ವೈಕಿಂಗ್ ಅಂತ ಹೇಳಿದರೇನೇ ಇಲ್ಲಿ ನಿಲ್ಲಿಸೋದು" ಅಂದ.

ಹತ್ತು ರಾಂಡ್ ಟಿಪ್ಸ್ ಕೊಟ್ಟೆ. ಅಷ್ಟರಲ್ಲಿ ಫೋನ್ ಬಂತು. ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು ಅಂತ ಹೆಂಡತಿ.

"ವೈಕಿಂಗ್ ಹತ್ತಿರ ಇದ್ದೀನಿ" ಅಂದೆ.